ನಮ್ಮ ಗಾಡಿ ನಿಂತ ಮನೆಗಳು

ದಿನಾ ಸಾಯುವವರ ಮನೆಗೆ ಹೋಗುವವಳಿಗೆ ನಗು ಎಲ್ಲಿಂದ ಬರುತ್ತದೆ ಎಂದು ನನ್ನ ತಂಗಿ ಕೇಳುತ್ತಾಳೆ. ಬರಬಾರದು, ನಿಜ. ಆದರೆ ಬರುತ್ತದೆ. ಅದೂ ಬರಬಾರದ ಹೊತ್ತಿನಲ್ಲೇ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡುವ ಹಾಗೆ ಮಾಡುತ್ತದೆ. ಒಂದು ವಾರ ಸುಮ್ಮನಿದ್ದರೆ ಮರುವಾರ ಮತ್ತೆ ಎಲ್ಲೋ ಒಂದು ಮನೆಯಲ್ಲಿ ಹೀಗೇ ಆಗಿರುತ್ತದೆ.

ನಾನು ನರ್ಸ್. ರೋಣದ ಒಂದು ಸಣ್ಣ ಧರ್ಮಾರ್ಥ ದವಾಖಾನೆಯಿಂದ ಹೊರಟು ರೋಣ, ನರಗುಂದ, ಗಜೇಂದ್ರಗಡದ ಕಡೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವುದು ನನ್ನ ಕೆಲಸ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯವರು “ಇನ್ನ ಮನಿಗೆ ಕರ್ಕೊಂಡು ಹೋಗ್ರಿ” ಅಂದಮೇಲೆ ನಮ್ಮ ಸರದಿ. ರೋಗ ವಾಸಿ ಮಾಡುವುದು ನಮ್ಮ ಕೈಯಲ್ಲಿಲ್ಲ. ನೋವು ಇಳಿಸುತ್ತೇವೆ, ಹುಣ್ಣು ತೊಳೆಯುತ್ತೇವೆ, ಹೊಟ್ಟೆಗೆ ಮಲದ ಚೀಲ ಅಂಟಿಸಿದವರಿಗೆ ಅದನ್ನು ಬದಲಾಯಿಸುವುದನ್ನು ಕಲಿಸುತ್ತೇವೆ, ಮನೆಯವರ ಪಕ್ಕ ಕೂತು ಚಹಾ ಕುಡಿಯುತ್ತೇವೆ. ಇದಕ್ಕೆಂದೇ ನಾನು ಬೇರೆ ತರಬೇತಿ ಮಾಡಿದ್ದೇನೆ. ಊರವರಿಗೆ ಇಷ್ಟೆಲ್ಲ ವಿವರ ಬೇಕಾಗಿಲ್ಲ. ಬಿಳಿ ಗಾಡಿ ಯಾರ ಮನೆ ಮುಂದೆ ನಿಂತಿತೋ ಆ ಮನೆಯದು ಮುಗಿಯಿತು ಎಂಬುದು ಅವರ ನಂಬಿಕೆ. ಕಿರಾಣಿ ಅಂಗಡಿಯವರು ನಮ್ಮ ಡ್ರೈವರನಿಗೆ ಕೈಮುಗಿದು, “ಅಣ್ಣಾ, ಸ್ವಲ್ಪ ಮುಂದ ನಿಂದ್ರಸ್ರಿ” ಅನ್ನುತ್ತಾರೆ.

ಗಾಡಿ ಹತ್ತಿದ ಯಜಮಾನರು

ಒಂದು ಮುಂಜಾನೆ ಇಟಗಿಯಲ್ಲಿ ಒಬ್ಬ ರೋಗಿಯನ್ನು ನೋಡಿಕೊಂಡು ರೋಣಕ್ಕೆ ವಾಪಸ್ಸು ಹೊರಟಿದ್ದೆವು. ಊರ ಹೊರಗೆ ಒಬ್ಬ ಯಜಮಾನರು ಬಸ್ಸು ತಪ್ಪಿಸಿಕೊಂಡು ನಿಂತಿದ್ದರು. ರೋಣಕ್ಕೆ ಹೋಗಿ ಕನ್ನಡಕದ ಕಾಲು ಕೂಡಿಸಿಕೊಂಡು ಬರಬೇಕಿತ್ತಂತೆ. ಡ್ರೈವರ್ ಗಾಡಿ ನಿಲ್ಲಿಸಿದ. ಸೀಟಿನ ಮೇಲೆ ಔಷಧದ ಡಬ್ಬಿಗಳಿದ್ದವು, ಹಾಗಾಗಿ ಅವರು ಹಿಂದಿನ ಸ್ಟ್ರೆಚರ್ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಕಾಲು ಚಾಚಿದರು. ಗಾಳಿ ತಣ್ಣಗಿತ್ತು, ರುಮಾಲು ಬಿಚ್ಚಿ ಮುಖದ ಮೇಲೆ ಹಾಕಿಕೊಂಡು ನಿದ್ದೆ ಹೋದರು.

ದಾರಿಯಲ್ಲಿ ಆಡು ಮೇಯಿಸುತ್ತಿದ್ದ ಯಾರೋ ಅವರ ಊರಿನವರೇ ಗಾಡಿಯ ಕಿಟಕಿಯಲ್ಲಿ ಇದನ್ನು ಕಂಡರು. ಫೋನು ಯಾರಿಂದ ಯಾರಿಗೆ ಹೋಯಿತೋ ಗೊತ್ತಿಲ್ಲ. ಯಜಮಾನರು ರೋಣದಲ್ಲಿ ಕನ್ನಡಕ ರಿಪೇರಿ ಮಾಡಿಸಿಕೊಂಡು, ಗಿರ್ಮಿಟ್ ತಿಂದು, ಮಧ್ಯಾಹ್ನದ ಬಸ್ಸಿಗೆ ಇಟಗಿಗೆ ಇಳಿದಾಗ ಅವರ ಮನೆಯ ಮುಂದೆ ಮಂದಿ ಸೇರಿತ್ತು. ಗಜೇಂದ್ರಗಡಕ್ಕೆ ಕೊಟ್ಟ ಮಗಳು ಕಂಬಕ್ಕೆ ತಲೆಯಾನಿಸಿ ಅಳುತ್ತಿದ್ದಳು. ಹೆಂಡತಿ ಅಳುವುದು ಮುಗಿಸಿ, ಪೆಟ್ಟಿಗೆಯಿಂದ ಹೊಸ ಧೋತರ ತೆಗೆಯಲು ಒಳಗೆ ಹೋಗಿದ್ದರು.

ಮುಂದಿನ ವಾರ ನಾವು ಆ ಊರಿಗೆ ಹೋದಾಗ ಅವರು ಬೈಯಬಹುದೆಂದು ಡ್ರೈವರ್ ಗಾಡಿಯಿಂದ ಇಳಿಯಲೇ ಇಲ್ಲ. ಬೈಯಲಿಲ್ಲ. ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮೆಲ್ಲಗೆ ಹೇಳಿದರು. ಅವರಿಗೂ ರೋಣದಲ್ಲಿರುವ ತಮ್ಮನಿಗೂ ಒಂದು ಗೋಡೆಯ ಸಲುವಾಗಿ ಮಾತು ಬಿಟ್ಟಿತ್ತು. ಅವತ್ತು ಊರೆಲ್ಲ ಬಂದರೂ ತಮ್ಮ ಬಂದಿರಲಿಲ್ಲ. ಮರುದಿನ ಫೋನು ಮಾಡಿ, ಎರಡನೇ ಬಸ್ಸಿಗೆ ಬರುವವನಿದ್ದೆ, ಅಷ್ಟರಲ್ಲಿ ನೀನು ಬದುಕಿದ ಸುದ್ದಿ ಬಂತು ಅಂದನಂತೆ.

“ನೀವೇನಂದ್ರಿ?” ಎಂದು ಕೇಳಿದೆ.

“ಇರಲಿ ಬಿಡಪಾ, ಅವಸರಿಲ್ಲ. ಮುಂದಿನ ಸಲ ಬರುವಂತಿ ಅಂದೆ,” ಅಂದರು.

ಅಬ್ಬಿಗೇರಿಯ ಗ್ಯಾಸ್ಟ್ರಿಕ್

ಅಬ್ಬಿಗೇರಿಯಲ್ಲಿ ಒಬ್ಬ ರೈತರಿಗೆ ಜಠರದ ಕ್ಯಾನ್ಸರ್ ಆಗಿತ್ತು. ಮುದುಕರೇನಲ್ಲ, ಇನ್ನೂ ಸ್ವತಃ ಕೂರಿಗೆ ಹಿಡಿಯುವ ವಯಸ್ಸು. ಮೊದಲ ಸಲ ಅವರ ಮನೆಗೆ ಹೋದಾಗ ಹೆಂಡತಿ ನನ್ನನ್ನು ಅಂಗಳದಲ್ಲೇ ತಡೆದು, ತುಂಬಿದ ಕೊಡ ಕಂಕುಳಲ್ಲೇ ಇಟ್ಟುಕೊಂಡು ಪಿಸುಗುಟ್ಟಿದಳು. “ಅವರಿಗೆ ಗೊತ್ತಿಲ್ರಿ ಸಿಸ್ಟರ್. ಗ್ಯಾಸ್ಟ್ರಿಕ್ ಅಂತ ಹೇಳೀವಿ. ನೀವೂ ಅಷ್ಟ ಹೇಳ್ರಿ. ಗೊತ್ತಾದ್ರ ಎದಿ ಒಡಕೋತಾರ.”

ಒಳಗೆ ಹೋದೆ. ಅವರು ಹೆಂಡತಿಯನ್ನು ಚಹಾ ಮಾಡಲು ಕಳಿಸಿದರು. ಆಕೆ ಒಲೆಯ ಹತ್ತಿರ ಹೋದದ್ದನ್ನು ನೋಡಿಕೊಂಡು ನನ್ನ ಕೈ ಹಿಡಿದರು. “ಆಕಿಗೆ ಗೊತ್ತಿಲ್ರಿ ಸಿಸ್ಟರ್. ಡಾಕ್ಟ್ರು ನನಗ ಎಲ್ಲಾ ಹೇಳ್ಯಾರ. ನಾ ಆಕಿಗೆ ಗ್ಯಾಸ್ಟ್ರಿಕ್ ಅಂತ ಹೇಳೀನಿ. ಗೊತ್ತಾದ್ರ ಆಕಿ ತಡಕೊಳ್ಳೂದಿಲ್ಲ.”

ಇಂಥ ಮನೆಗಳಲ್ಲಿ ಸತ್ಯವನ್ನು ನಾವು ಒತ್ತಾಯದಿಂದ ಹೊರಗೆ ತರುವುದಿಲ್ಲ. ಅವರಾಗಿ ಆಡುವವರೆಗೆ ಕಾಯುತ್ತೇವೆ. ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ನೋಡಿದೆ. ಇಬ್ಬರೂ ತಲೆ ಆಡಿಸಿದರು, ಇಬ್ಬರೂ ಹೇಳಲಿಲ್ಲ. ನೋವಿನ ಮಾತ್ರೆಯ ಜೊತೆ ಅಂಗಡಿಯಲ್ಲಿ ಸಿಗುವ ಗ್ಯಾಸಿನ ಪುಡಿಯೂ ದಿನಾ ನೀರಿಗೆ ಬೀಳುತ್ತಿತ್ತು. ಗಂಡನಿಗೆ ನಂಬಿಕೆ ಬರಲೆಂದು ಆಕೆ, ನನಗೂ ಗ್ಯಾಸ್ ಆಗೈತಿ ಅನ್ನುತ್ತಾ ಒಂದು ಲೋಟ ತಾನೂ ಕುಡಿಯುತ್ತಿದ್ದಳು. ಆಕೆ ನಂಬಿದಳಲ್ಲ ಎಂದು ಅವರು ಸಮಾಧಾನದಿಂದ ಕುಡಿಯುತ್ತಿದ್ದರು.

ಬಿಳಿಜೋಳ ತೆನೆ ಹಾಯುವ ಹೊತ್ತಿಗೆ ಅವರು ಹೋದರು. ದಿನಗಳ ಕಾರ್ಯ ಮುಗಿದ ಮೇಲೆ ಆಕೆಯನ್ನು ಮಾತಾಡಿಸಲು ಹೋದೆ. ಮನೆಯವರನ್ನು ಹೀಗೆ ನೋಡಿ ಬರುವುದೂ ನಮ್ಮ ಕೆಲಸವೇ. ಅವರಿಗೆ ಗೊತ್ತಿತ್ತೇನು ಎಂದು ಆಕೆ ಕೇಳಿದಳು. ಗೊತ್ತಿತ್ತು ಅಂದೆ. ಆಕೆ ಗೂಡಿನಲ್ಲಿದ್ದ ಗ್ಯಾಸಿನ ಪುಡಿಯ ಡಬ್ಬಿ ತೆಗೆದು ಮುಂದಿಟ್ಟುಕೊಂಡಳು. ಆಮೇಲೆ, “ಹಂಗಾದ್ರ ಆ ಸುಡಗಾಡ ಪುಡಿ ಇಬ್ಬರೂ ಸುಮ್ಮನ ಕುಡದ್ವಿ,” ಅಂದಳು. ಅಂದವಳೇ ನಕ್ಕಳು, ನಗುತ್ತಲೇ ಅತ್ತಳು. ನಾನೂ ಕಣ್ಣೊರೆಸಿಕೊಂಡು ಹೊರಗೆ ಬಂದೆ.

ಹೊರಗೆ ನೋಡಿದರೆ ಓಣಿಯ ಮಂದಿ ನಮ್ಮ ಗಾಡಿ ಸುತ್ತುವರಿದಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದಾರೆ. ಗ್ಯಾಸ್ಟ್ರಿಕ್ಕಿಗೆ ಒಬ್ಬ ಗಟ್ಟಿ ಆಳು ಕಣ್ಣ ಮುಂದೆ ಕರಗಿ ಹೋದದ್ದನ್ನು ಕಂಡವರು ಅವರು. ಒಬ್ಬಳಿಗೆ ಹುಳಿತೇಗು, ಒಬ್ಬನಿಗೆ ಎದೆಯುರಿ, ಇನ್ನೊಬ್ಬನಿಗೆ ಏನೂ ಇಲ್ಲ, ಆದರೆ ಅವರಪ್ಪನಿಗೆ ಇತ್ತು. ಗಾಬರಿಯಾಗಬೇಡಿ, ಇದು ಆ ಗ್ಯಾಸ್ಟ್ರಿಕ್ ಅಲ್ಲ ಅಂದೆ. ಆ ಗ್ಯಾಸ್ಟ್ರಿಕ್ ಅಂದ್ರ ಯಾವುದ್ರಿ ಎಂದು ಕೇಳಿದರು. ಹಿಂದೆ ಬಾಗಿಲಲ್ಲಿ ಆಕೆ ನಿಂತಿದ್ದಳು, ನಾನು ಬಾಯಿ ಮುಚ್ಚಿದೆ.

ಎಲ್ಲರ ಹಿಂದೆ ನಿಂತಿದ್ದ ಮಿರ್ಚಿಭಜಿ ಅಂಗಡಿಯವನು ಮಾತ್ರ ಹೊಟ್ಟೆ ಹಿಡಿದುಕೊಂಡಿರಲಿಲ್ಲ. “ಸಿಸ್ಟರ್, ಇವರಿಗೆಲ್ಲಾ ಬ್ಯಾರೆ ಯಾವುದಾರ ರೋಗ ಹೇಳ್ರಿ,” ಅಂದ. “ಒಲಿ ಹಚ್ಚಲಾರದ ವಾರಾತು.”

ಅಸೂಟಿಯ ಸ್ಪೀಕರ್ ಫೋನು

ಅಸೂಟಿಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದ ಮನೆ. ಮಗ ಗೋವೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ, ಸೊಸೆ ಊರಲ್ಲೇ ಕೂಲಿ ಮಾಡುತ್ತಿದ್ದಳು. ಅತ್ತೆಗೆ ಬೆನ್ನುಹುರಿಯ ಕಾಯಿಲೆಯಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಮಲಗಿದಲ್ಲೇ ಮಲಗಿ ಬೆನ್ನಿಗೆ ಅಂಗೈಯಗಲ ಹುಣ್ಣಾಗಿತ್ತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಹುಣ್ಣು ಎಲುಬಿಗೆ ಇಳಿಯುತ್ತದೆ ಎಂದು ಸೊಸೆಗೆ ತಿಳಿಸಿ, ಹೇಗೆ ಹೊರಳಿಸಬೇಕೆಂದು ಮಾಡಿ ತೋರಿಸಿದೆ.

ಹುಡುಗಿ ಒಂದೇ ಸಲಕ್ಕೆ ಕಲಿತಳು. ತೊಂದರೆ ಇದ್ದದ್ದು ಬೇರೆ. ಅತ್ತೆ ಸೊಸೆ ಮಾತಾಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಈಕೆ ಬಡಿದ ರೊಟ್ಟಿಗೆ ಅತ್ತೆ ನಾಲ್ಕು ಮಂದಿ ಎದುರು “ಇದನ್ನ ಕಾಲಿಗೆ ಹಾಕೋಬೇಕು” ಅಂದಿದ್ದರಂತೆ. ಅವತ್ತಿನಿಂದ ಇಬ್ಬರ ನಡುವಿನ ಮಾತೆಲ್ಲ ಮನೆಯ ಆಡಿನ ಮುಖಾಂತರ. “ನನಗ ನಿನಗ ನೀರು ಕೊಡೋರು ಯಾರದಾರ,” ಎಂದು ಅತ್ತೆ ಆಡಿಗೆ ಹೇಳುವರು. “ಕೊಡಾ ತುಂಬೇತಿ, ಬಾಯಿ ಬಿಟ್ಟು ಕೇಳಿದ್ರ ಕೊಡ್ತಾರ,” ಎಂದು ಸೊಸೆ ಆಡಿಗೆ ಹೇಳುವಳು. ಆಡು ಇಬ್ಬರ ಮುಖ ನೋಡುತ್ತಿತ್ತು.

ಮಳೆಗಾಲದಲ್ಲಿ ಆಡು ಸತ್ತಿತು. ಆಮೇಲೆ ಆ ಜಾಗಕ್ಕೆ ನಾನು ಬಂದೆ. ಏನಾದರೂ ಇದ್ದರೆ ಫೋನು ಮಾಡು ಎಂದು ನಾನೇ ನಂಬರು ಕೊಟ್ಟಿದ್ದೆ. ಸೊಸೆ ಫೋನು ಮಾಡಿ ಸ್ಪೀಕರ್ ಹಾಕಿ ಅತ್ತೆಯ ದಿಂಬಿನ ಮೇಲಿಡುತ್ತಿದ್ದಳು. “ಸಿಸ್ಟರ್, ಎಡಕ್ಕೋ ಬಲಕ್ಕೋ ಕೇಳ್ರಿ ಅವರಿಗೆ.” ನಾನು ಕೇಳುವುದು. “ಬಲಕ್ಕ ಅಂತ ಹೇಳ್ರಿ ಆಕಿಗೆ,” ಎಂದು ಅತ್ತೆ. ಬಲಕ್ಕಂತವಾ, ಎಂದು ನಾನು. ಅವರಿಬ್ಬರ ನಡುವೆ ಒಂದು ಮೊಳ ಅಂತರವಿತ್ತು, ಮಾತು ಮಾತ್ರ ರೋಣಕ್ಕೆ ಬಂದು ಅಸೂಟಿಗೆ ಹೋಗುತ್ತಿತ್ತು. ಇಷ್ಟಾದರೂ ಆರೈಕೆಯಲ್ಲಿ ಆ ಹುಡುಗಿ ಒಂದು ದಿನವೂ ತಪ್ಪಲಿಲ್ಲ. ಸಿಟ್ಟಿನಲ್ಲೇ ತೊಳೆದಳು, ಸಿಟ್ಟಿನಲ್ಲೇ ಹೊರಳಿಸಿದಳು. ಹುಣ್ಣು ಮಾಯುತ್ತಾ ಬಂತು. ಆದರೆ ಮುದುಕಿಯ ಜೀವ ಸೋಲುತ್ತಿತ್ತು.

ಒಂದು ಮುಂಜಾನೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಫೋನು ಬಂತು. “ಸಿಸ್ಟರ್, ಅತ್ತಿ ಮಾತಾಡವಲ್ರು.”

ನಾನು ನಗುತ್ತಲೇ ಅಂದೆ, “ನಿನ್ನ ಕೂಡ ಅವರು ಯಾವಾಗ ಮಾತಾಡ್ಯಾರವಾ?”

“ಇವತ್ತು ನಾನ ಮೊದಲ ಮಾತಾಡಿಸಿದ್ನಿರಿ,” ಅಂದಳು.

ನಾನು ಹೋಗುವ ಹೊತ್ತಿಗೆ ಓಣಿಯ ಹೆಂಗಸರು ಸೇರಿದ್ದರು. ನಮ್ಮ ಕಡೆ ಸತ್ತವರನ್ನು ಹಾಡ್ಯಾಡಿ ಅಳುವ ಪದ್ಧತಿ. ಸೊಸೆ ಅತ್ತೆಯ ಕಾಲ ಹತ್ತಿರ ಕೂತು ಶುರುಮಾಡಿದಳು. ರೊಟ್ಟಿಗೆ ಚಪ್ಪಲಿ ಅಂದದ್ದು, ತವರಿಗೆ ಕಳಿಸದೆ ಇದ್ದದ್ದು, ಆಡಿಗೆ ಹೇಳಿದ್ದು, ಹಸಿಜೋಳ ಸುಟ್ಟು ಸೀತನಿ ತಿನ್ನುವಾಗ ಕರೆಯದೆ ಇದ್ದದ್ದು, ಒಂದನ್ನೂ ಬಿಡಲಿಲ್ಲ. ಅಷ್ಟು ವರ್ಷ ಒಳಗೆ ಇಟ್ಟ ಜವಾಬುಗಳೆಲ್ಲ ರಾಗವಾಗಿ ಹೊರಗೆ ಬಂದವು. ಎದೆ ಬಡಿದುಕೊಂಡು ಅಳುತ್ತಿದ್ದಳು, ಆ ಅಳು ಸುಳ್ಳಲ್ಲ. ನನ್ನ ಪಕ್ಕ ಕೂತಿದ್ದ ಮುದುಕಿ, ಕಿವಿ ಸ್ವಲ್ಪ ಮಂದ, ಕಣ್ಣೊರೆಸಿಕೊಂಡು ಹೇಳಿದಳು:

“ಏನ್ ಹೊಗಳಾಕತ್ಯಾಳವಾ ಅತ್ತಿನ್ನ. ಇಂಥಾ ಸೊಸಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು.”

ನರಗುಂದದ ಒಂದೇ ಮಾತು

ನರಗುಂದದಲ್ಲಿ ಒಬ್ಬರಿದ್ದಾರೆ. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿ ನಿವೃತ್ತಿಯಾದವರು. “ಪ್ರಯಾಣಿಕರು ದಯವಿಟ್ಟು ಗಮನಿಸಬೇಕು” ಅನ್ನುವ ಅವರ ದನಿ ಆ ಊರಿನವರಿಗೆಲ್ಲ ಗುರುತು. ಜನ್ಮದಲ್ಲಿ ಯಾರಿಗೂ ಒರಟಾಗಿ ಮಾತಾಡಿದವರಲ್ಲ. ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ. “ಹಲ್ಕಟ್.”

ನೀರು ಬೇಕಾದರೆ ಹಲ್ಕಟ್. ನೋವಾದರೆ ಹಲ್ಕಟ್. ಮೊಮ್ಮಗಳು ಮುದ್ದು ಕೊಟ್ಟರೂ ಹಲ್ಕಟ್. ಮಿದುಳಿಗೆ ಪೆಟ್ಟಾದಾಗ ಕೆಲವರಿಗೆ ಹೀಗಾಗುತ್ತದೆ. ಕಟ್ಟಿ ಆಡುವ ಮಾತೆಲ್ಲ ಅಳಿಸಿಹೋಗಿ ಯಾವುದೋ ಬೈಗುಳ ಒಂದು ಮೂಲೆಯಲ್ಲಿ ಉಳಿದುಬಿಡುತ್ತದೆ. ಅವರಿಗೆ ಒಳಗೆ ಎಲ್ಲ ತಿಳಿಯುತ್ತಿತ್ತು. ಆ ಶಬ್ದ ಬಾಯಿಂದ ಹೊರಗೆ ಬಿದ್ದಾಗಲೆಲ್ಲ ಕಣ್ಣಲ್ಲಿ ನೀರು ಬರುತ್ತಿತ್ತು. ಹೆಂಡತಿ ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಬಂದವರನ್ನೆಲ್ಲ ಹೊರಗಿಂದಲೇ ಕಳಿಸುತ್ತಿದ್ದರು. ಮಾತು ಕಲಿಸುವ ಅಭ್ಯಾಸ ಮಾಡಿಸಿದೆ. ಬೇರೆ ಶಬ್ದ ಬರಲಿಲ್ಲ. ಕೊನೆಗೆ ನಾನು ಆಕೆಗೆ ಹೇಳಿದ್ದು ಇಷ್ಟೇ. ಶಬ್ದ ಬಿಡಿ, ದನಿ ಕೇಳಿ.

ಆಕೆ ಕೇಳತೊಡಗಿದರು. ಎಳೆದು ಅಂದರೆ ನೀರು, ಮೊಟಕಾಗಿ ಅಂದರೆ ನೋವು, ಮೆತ್ತಗೆ ಅಂದರೆ ಹತ್ತಿರ ಕೂಡು ಅಂತ. ಒಂದು ದಿನ ನನಗೆ ಅಂದರು, “ಮೈಕಿನಾಗ ಮಂದಿಗೆಲ್ಲಾ ದಯವಿಟ್ಟು ಅಂದ್ರು, ಮನ್ಯಾಗ ನನ್ನ ಹೆಸರ ಹಿಡದು ಕರೀಲಿಲ್ರಿ. ಈಗ ಕರದಷ್ಟು ಅವರು ನನ್ನ ಯಾವಾಗೂ ಕರದಿಲ್ಲ.” ಬಾಗಿಲು ಆಮೇಲೆ ತೆರೆಯಿತು.

ತೆರೆದ ಬಾಗಿಲಲ್ಲಿ ಒಂದು ದಿನ ಮಠದ ಅಜ್ಜಾರು, ಅಂದರೆ ಸ್ವಾಮಿಗಳು, ಬಂದರು. ನಾನು ಮೂತ್ರದ ನಳಿಕೆ ಬದಲಿಸಿ ಕೈ ತೊಳೆಯುತ್ತಿದ್ದೆ. ಅಜ್ಜಾರು ಮಂಚದ ಹತ್ತಿರ ನಿಂತು ಹೇಗಿದ್ದೀರಿ ಎಂದು ಕೇಳಿದರು. ಇವರು ಎಡಗೈಯನ್ನು ಕಷ್ಟಪಟ್ಟು ಹಣೆಗೆ ತಂದು, ತುಂಬಿದ ಭಕ್ತಿಯಿಂದ, ಹಳೆಯ ಮೈಕಿನ ದನಿಯಲ್ಲಿ ಸ್ಪಷ್ಟವಾಗಿ ಅಂದರು, “ಹಲ್ಕಟ್.”

ಅಜ್ಜಾರ ಹಿಂದಿದ್ದ ಶಿಷ್ಯ ಒಂದು ಹೆಜ್ಜೆ ಹಿಂದೆ ಸರಿದ. ಹೆಂಡತಿ ಬಿಳಿಚಿಕೊಂಡು ಕೈ ಜೋಡಿಸಿದರು. ಲಕ್ವಾದಿಂದ ಹೀಗಾಗಿದೆ, ಮನಸ್ಸಿನಲ್ಲಿ ಅಂದದ್ದು ಶರಣ್ರಿ ಅಂತ, ಬಾಯಿಂದ ಹೀಗೆ ಬರುತ್ತದೆ ಎಂದು ತೊದಲುತ್ತಾ ವಿವರಿಸಿದರು. ಅಜ್ಜಾರು ಪೂರ್ತಿ ಕೇಳಿಸಿಕೊಂಡರು. ಮಂಚದ ಮೇಲೆ ಕೂತು ಇವರ ಸತ್ತ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡರು. ವಿಭೂತಿ ಹಚ್ಚಿ ಏಳುವಾಗ ಆಕೆಯ ಕಡೆ ತಿರುಗಿದರು.

“ನಮ್ಮ ಕಡಿಂದನೂ ಅವರಿಗೆ ಅಷ್ಟ ಹೇಳಿಬಿಡವಾ,” ಅಂದರು.

ಗಜೇಂದ್ರಗಡದ ಮದುವೆ

ಈ ಮದುವೆಗೆ ಹೋದವಳು ಈಗ ಇಲ್ಲ. ನಾ ಹೋದಮ್ಯಾಲೆ ಇದನ್ನ ನಾಲ್ಕು ಮಂದಿಗೆ ಹೇಳ್ರಿ ಸಿಸ್ಟರ್, ನಗಲಿ ಎಂದು ಆಕೆಯೇ ಹೇಳಿದ್ದಳು.

ಗಜೇಂದ್ರಗಡದ ನೇಕಾರರ ಮನೆಯವಳು. ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ, ಮಲ ಹೋಗಲು ಹೊಟ್ಟೆಯ ಎಡಕ್ಕೆ ದಾರಿ ಮಾಡಿ, ಅಲ್ಲಿಗೆ ಒಂದು ಚೀಲ ಅಂಟಿಸಿ ಕಳಿಸಿದ್ದರು. ಮನೆಗೆ ಬಂದವಳು ಮಗ್ಗಕ್ಕೆ ಕೂರಲಿಲ್ಲ, ಹೊಸ್ತಿಲು ದಾಟಲಿಲ್ಲ. ಗಂಡ ಒಳ್ಳೆಯವ, ಚೀಲ ತಾನೇ ತೊಳೆಯುತ್ತೇನೆ ಅಂದರೂ ಹತ್ತಿರ ಬಿಡಲಿಲ್ಲ. ತನ್ನ ಮೈಯೆಲ್ಲ ನಾರುತ್ತದೆ ಎಂಬುದು ಅವಳ ನಂಬಿಕೆ. ಬಾವಿ ಬಹಳ ದೂರ ಇಲ್ಲ ಎಂದು ಒಮ್ಮೆ ನನಗೆ ಹೇಳಿದಳು. ಆಮೇಲೆ ನಾನು ಆ ಮನೆಗೆ ವಾರಕ್ಕೊಮ್ಮೆ ಹೋಗುವವಳು ಮೇಲಿಂದ ಮೇಲೆ ಹೋಗತೊಡಗಿದೆ.

ಅವಳ ಅಣ್ಣನ ಮಗಳ ಮದುವೆ ಗೊತ್ತಾಯಿತು. ಎತ್ತಿ ಆಡಿಸಿದ ಕೂಸು. ಸೋದರತ್ತೆ ಬಾರದೆ ಅಕ್ಕಿಕಾಳಿನ ಅಕ್ಷತೆಗೆ ನಿಲ್ಲುವುದಿಲ್ಲ ಎಂದು ಹುಡುಗಿ ಹಠ ಹಿಡಿದಿದ್ದಳು. “ಹೊಟ್ಟಿ ಮ್ಯಾಲ ಹೊಲಸ ಹೊತ್ಕೊಂಡು ಮದುವಿಗೆ ಹೋಗ್ಲೇನ್ರಿ?” ಎಂದು ಈಕೆ ನನ್ನನ್ನು ಕೇಳಿದಳು. ಹೋಗಬೇಕು ಅಂದೆ. ಹಿಂದಿನ ದಿನ ಏನು ಉಣ್ಣಬೇಕು, ಏನು ಬಿಡಬೇಕು, ಚೀಲ ಯಾವಾಗ ಬದಲಿಸಬೇಕು ಎಲ್ಲ ಹೇಳಿಕೊಟ್ಟೆ. ನಾನೂ ಬಂದು ಹಿಂದೆಯೇ ಕೂರುತ್ತೇನೆ ಎಂದು ಮಾತು ಕೊಟ್ಟೆ.

ಮದುವೆ ದಿನ ಅವಳನ್ನು ನೋಡಿ ನನಗೆ ಗುರುತು ಹತ್ತಲಿಲ್ಲ. ತಾನೇ ನೆಯ್ದ ಸೀರೆ ಉಟ್ಟಿದ್ದಳು. ಅದೇ ಸೀರೆಯ ಅಂಚಿನ ತುಂಡಿನಿಂದ ಆ ಚೀಲಕ್ಕೊಂದು ಹೊದಿಕೆ ಹೊಲಿದು, ಕಸೂತಿ ಹಾಕಿ, ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಹೆಂಗಸರ ಮಧ್ಯೆ ಜಮಖಾನೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಬೆವರುತ್ತಿದ್ದಳು. ಯಾರಾದರೂ ಮೂಗು ಮುಚ್ಚಿಕೊಂಡಾರೇನೋ ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಯಾರೂ ಮುಚ್ಚಿಕೊಳ್ಳಲಿಲ್ಲ. ಅಕ್ಕಿಕಾಳು ಬಿದ್ದವು. ಊಟವೂ ಆಯಿತು.

ಊಟದ ಮೇಲೆ ಚೀಲಕ್ಕೆ ಗಾಳಿ ತುಂಬಿತು. ಹಾಗಾಗುವುದುಂಟು. ಸೆರಗಿನ ಪಕ್ಕದಿಂದ ಕಸೂತಿಯ ಹೊದಿಕೆ ದುಂಡಗೆ ಉಬ್ಬಿ ಹೊರಗೆ ಇಣುಕಿತು. ಎದುರಿಗೆ ಬೀಗರ ಕಡೆಯ ಒಬ್ಬ ದೊಡ್ಡವ್ವ ಕೂತಿದ್ದರು. ಎಲೆ ಅಡಿಕೆಯ ತಾಟು ಅವರ ಸಾಲಿಗೆ ಬರುವಷ್ಟರಲ್ಲಿ ಖಾಲಿಯಾಗಿತ್ತು, ಅವರಿಗೆ ಬಾಯಿ ಕಡಿಯುತ್ತಿತ್ತು. ಆ ಚೀಲ ನೋಡಿ, ಹಳೆಯ ಕಾಲದ ಹೆಂಗಸರು ಸೊಂಟಕ್ಕೆ ಸಿಗಿಸಿಕೊಳ್ಳುವ ಎಲೆ ಅಡಿಕೆಯ ಸಂಚಿ ಅಂದುಕೊಂಡರು.

“ಏನವಾ, ಸಂಚಿ ಇಷ್ಟು ತುಂಬಿಸ್ಕೊಂಡು ಕುಂತಿ, ಒಬ್ಬರಿಗೂ ಒಂದು ಎಲಿ ಕೊಡವಲ್ಲಿ. ಬಿಚ್ಚು,” ಎಂದು ಕೈ ಚಾಚಿಯೇಬಿಟ್ಟರು.

ಈಕೆ ಎದ್ದು ಓಡುತ್ತಾಳೆ, ಇನ್ನು ಜನ್ಮದಲ್ಲಿ ಹೊಸ್ತಿಲು ದಾಟುವುದಿಲ್ಲ ಎಂದುಕೊಂಡೆ. ಆಕೆ ಓಡಲಿಲ್ಲ. ದೊಡ್ಡವ್ವನ ಕೈಯನ್ನು ಮೆತ್ತಗೆ ಹಿಡಿದಳು.

“ಬ್ಯಾಡ ದೊಡ್ಡವ್ವಾ. ಇದರಾಗಿಂದು ನಾ ಆಗಲೇ ಉಂಡು ಮುಗಿಸಿದ್ದು.”

ದೊಡ್ಡವ್ವ ಸೋಲಲಿಲ್ಲ. ಇನ್ನಷ್ಟು ಹತ್ತಿರ ಸರಿದು ಅಂಗೈ ಹಿಡಿದರು.

“ಬೀಗರೊಳಗ ಎಂತಾ ಎಂಜಲವಾ,” ಅಂದರು. “ಇದ್ದದ್ರಾಗ ಒಂದೀಟು ತಾ.”